ತೂಕ ಇಳಿಸುವ ಸೂಜಿ: ನಾಚಿಕೆಯೂ ಬೇಡ, ಆತುರವೂ ಬೇಡ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಮೈ ದಪ್ಪವಿರುವವರು ಎದುರಾದಾಗ ಈ ಗಾದೆಯ ಮೊದಲರ್ಧ ಎಲ್ಲರಿಗೂ ನೆನಪಿಗೆ ಬರುತ್ತದೆ. ಎರಡನೆಯ ಅರ್ಧ ಮಾತ್ರ ಮರೆತು ಹೋಗುತ್ತದೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ, ಬಲಿಪೂಜೆ ಮುಗಿದು ಚರ್ಚ್ ಅಂಗಳಕ್ಕೆ ಇಳಿದಾಗಲೂ "ಏನು, ಇನ್ನೂ ದಪ್ಪ ಆಗಿದ್ದೀರಲ್ಲ" ಎಂದು ಕೇಳುವುದನ್ನು ನಾವು ಕುಶಲ ವಿಚಾರಣೆ ಎಂದೇ ತಿಳಿದಿದ್ದೇವೆ. ಕೇಳಿಸಿಕೊಂಡವರ ಮನಸ್ಸಿಗೆ ಏನಾಯಿತು ಎಂದು ತಿರುಗಿ ನೋಡುವವರು ಕಡಿಮೆ.

ಈಗ ಈ ಮಾತಿಗೆ ಇನ್ನೊಂದು ಸೇರಿಕೊಂಡಿದೆ. ಯಾರಾದರೂ ಕೆಲವೇ ತಿಂಗಳಲ್ಲಿ ಹತ್ತು ಕಿಲೋ ಇಳಿದು ಕಾಣಿಸಿಕೊಂಡರೆ, "ಅದು ಪಥ್ಯವೂ ಅಲ್ಲ, ವಾಕಿಂಗೂ ಅಲ್ಲ, ಸೂಜಿ ಚುಚ್ಚಿಸಿಕೊಂಡದ್ದು" ಎಂಬ ಪಿಸುಮಾತು ಶುರುವಾಗುತ್ತದೆ. ದಪ್ಪವಿದ್ದಾಗ ಹೊಟ್ಟೆಬಾಕ, ಮದ್ದು ತೆಗೆದುಕೊಂಡು ಇಳಿದರೆ ಮೋಸಗಾರ! 2025ರ ಮಾರ್ಚ್‌ನಲ್ಲಿ ಎಲಿ ಲಿಲ್ಲಿ ಕಂಪನಿಯ ಮೌಂಜಾರೊ, ಅದೇ ವರ್ಷ ಜೂನ್‌ನಲ್ಲಿ ನೊವೊ ನಾರ್ಡಿಸ್ಕ್ ಕಂಪನಿಯ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಎಂಬ ಮದ್ದಿನ ಪೇಟೆಂಟ್ ಅವಧಿ ಭಾರತದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿಯಿತು. ಅದರೊಂದಿಗೆ ನಮ್ಮ ದೇಶದ ಕಂಪನಿಗಳಿಗೂ ತಯಾರಿಕೆಯ ಬಾಗಿಲು ತೆರೆದಿದೆ. ಬೆಂಗಳೂರಿನ ಬಯೋಕಾನ್ ಕಂಪನಿ ಇದೇ ಗುಂಪಿನ ಹಳೆಯ ಮದ್ದಾದ ಲಿರಾಗ್ಲುಟೈಡ್‌ನ ಮಾರಾಟಕ್ಕೆ 2024ರಲ್ಲೇ ಬ್ರಿಟನ್ನಿನ ಅನುಮತಿ ಪಡೆದಿತ್ತು. ಮಹಾನಗರದ ಉಳ್ಳವರ ಮಾತಾಗಿದ್ದದ್ದು ತಾಲೂಕು ಕೇಂದ್ರದ ಮೆಡಿಕಲ್ ಶಾಪಿನ ಮಾತಾಗಲು ಇನ್ನು ಹೆಚ್ಚು ಕಾಲ ಬೇಕಿಲ್ಲ. ಆದುದರಿಂದ ಪರವಾಗಿ ಅಥವಾ ವಿರುದ್ಧವಾಗಿ ಕೂಗಾಡುವ ಮುನ್ನ ಈ ಮದ್ದು ಏನು, ಯಾರಿಗೆ, ಎಷ್ಟು ಒಳ್ಳೆಯದು, ಎಲ್ಲಿ ಅಪಾಯ ಎಂದು ಸಮಾಧಾನದಿಂದ ನೋಡುವುದು ಅಗತ್ಯ.

ನಾವು ಇದನ್ನು ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಮಸರಕಲ್‌ನಂಥ ಊರಿನಲ್ಲಿ ನಿಂತು ನೋಡಬಯಸುತ್ತೇವೆ. ಕರಾವಳಿಯ ಓದುಗರಿಗೆ ಆ ಸೀಮೆ ದೂರದ್ದಾದರೂ ಅಲ್ಲಿಯ ಜನ ಅಪರಿಚಿತರಲ್ಲ. ಮಂಗಳೂರು, ಉಡುಪಿಗಳ ಕಟ್ಟಡ ಕೆಲಸದಲ್ಲಿ, ರಸ್ತೆ ಕಾಮಗಾರಿಯಲ್ಲಿ ದುಡಿಯುವವರಲ್ಲಿ ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆಯವರು ಬಹಳ ಮಂದಿ ಇದ್ದಾರೆ. ರಾಯಚೂರು ಎಂದೊಡನೆ ನಮಗೆ ನೆನಪಾಗುವುದು ಬಿಸಿಲು, ಬಡತನ ಮತ್ತು ಹಸಿವು. ದೇವದುರ್ಗ ಸೇರಿದಂತೆ ಆ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ ಹೈಕೋರ್ಟಿನ ಕದ ತಟ್ಟಿತ್ತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ಸಮಿತಿಯೊಂದು ರಚನೆಯಾಗಿ ರಾಜ್ಯದ ಅಪೌಷ್ಟಿಕತೆಯನ್ನು ಪರಿಶೀಲಿಸಿತು. 2021ರ ಡಿಸೆಂಬರ್‌ನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಸರಕಾರ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಂಥ ಕಡೆ ತೂಕ ಇಳಿಸುವ ಮದ್ದಿನ ಮಾತೇ? ಉಣ್ಣಲು ಇಲ್ಲದವರ ಊರಿನಲ್ಲಿ ಕೊಬ್ಬು ಕರಗಿಸುವ ಚರ್ಚೆಯೇ? ಪ್ರಶ್ನೆ ಸಹಜ. ಆದರೆ ಉತ್ತರ ನಾವು ಎಣಿಸಿದಷ್ಟು ಸರಳವಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 17ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು, ಶೇ. 30ರಷ್ಟು ಮಂದಿ ಹೆಚ್ಚು ತೂಕದವರು. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಹೆಚ್ಚು ತೂಕದವರ ಪಾಲು ಶೇ. 23ರಷ್ಟಿತ್ತು. ಅಂದರೆ ಒಂದೇ ರಾಜ್ಯದಲ್ಲಿ, ಕೆಲವೊಮ್ಮೆ ಒಂದೇ ಬೀದಿಯಲ್ಲಿ, ಸೊರಗಿದ ಮಗುವೂ ಸಕ್ಕರೆ ಕಾಯಿಲೆಯ ತಾಯಿಯೂ ಇದ್ದಾರೆ. ಇಡೀ ದೇಶದ ಲೆಕ್ಕ ನೋಡಿದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದೆ, ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ ಎಂದಿತು.

ರಾಯಚೂರು ಸೀಮೆಯ ಊಟವೂ ಬದಲಾಗಿದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆಯ ಊಟ ಅಲ್ಲಿಯವರದ್ದಾಗಿತ್ತು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ, ಸಿಂಧನೂರು ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಪಡಿತರದಲ್ಲೂ ಅಕ್ಕಿಯೇ ಮುಖ್ಯವಾಯಿತು. ಹಸಿವು ತಗ್ಗಿತು, ಅದು ಸಂತೋಷದ ವಿಷಯ. ಆದರೆ ತಟ್ಟೆಯ ತುಂಬ ಅನ್ನ, ಸ್ವಲ್ಪವೇ ಬೇಳೆ, ಸಂಜೆಗೆ ಎಣ್ಣೆಯಲ್ಲಿ ಕರಿದ ಮಿರ್ಚಿ, ದಿನಕ್ಕೆ ನಾಲ್ಕೈದು ಸಲ ಸಕ್ಕರೆ ಚಹಾ ಎಂಬ ಕ್ರಮದಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಬೇಕಾದ ಪೋಷಣೆ ಸಿಗುವುದಿಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಜೋಪಾನವಾಗಿ ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರಲ್ಲಿ 517 ಮಂದಿಯನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ, 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿತ್ತು. ತಾಯಿಯ ಗರ್ಭದಲ್ಲಿ ಕಂಡ ಕೊರತೆಯನ್ನು ದೇಹ ಮರೆಯುವುದಿಲ್ಲ ಎಂಬುದು ಇದರ ತಾತ್ಪರ್ಯ. ಹೀಗಿರುವಾಗ ಬೊಜ್ಜು, ಸಕ್ಕರೆ ಕಾಯಿಲೆ, ಹೃದಯಾಘಾತಗಳನ್ನು ಉಂಡು ಕೊಬ್ಬಿದವರ ರೋಗ ಎನ್ನುವುದು ಅನ್ಯಾಯ. ಹಸಿದು ಹುಟ್ಟಿದವನೂ ಅದೇ ರೋಗಕ್ಕೆ ಹತ್ತಿರದವನೇ. ಭಾರತೀಯರ ಮಟ್ಟಿಗೆ ವೈದ್ಯರು ಅಪಾಯದ ಗೆರೆಯನ್ನು ಕೆಳಗೆ ಎಳೆದಿರುವುದೂ ನಮ್ಮ ದೇಹಪ್ರಕೃತಿಯನ್ನು ನೋಡಿಯೇ. ಪಾಶ್ಚಾತ್ಯರಿಗೆ ಶರೀರ ದ್ರವ್ಯರಾಶಿ ಸೂಚ್ಯಂಕ 30 ದಾಟಿದರೆ ಬೊಜ್ಜು, ನಮಗೆ 25 ದಾಟಿದರೇ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ನೋಡಲು ಸಣಕಲಾಗಿದ್ದರೂ ಹೊಟ್ಟೆ ಮಾತ್ರ ಮುಂದೆ ಬಂದವರು ಇಲ್ಲಿ ಎಚ್ಚರ ವಹಿಸಬೇಕು.

ಇನ್ನು ಮದ್ದಿನ ವಿಚಾರ. ಊಟವಾದೊಡನೆ ನಮ್ಮ ಕರುಳಿನಲ್ಲಿ ಜಿಎಲ್‌ಪಿ-1 ಎಂಬ ಹಾರ್ಮೋನು ಸ್ರವಿಸುತ್ತದೆ. ಇದು ಇನ್ಸುಲಿನ್ ಸ್ರವಿಸಲು ನೆರವಾಗುತ್ತದೆ, ಹೊಟ್ಟೆಯಲ್ಲಿನ ಆಹಾರ ನಿಧಾನವಾಗಿ ಮುಂದೆ ಸಾಗುವಂತೆ ಮಾಡುತ್ತದೆ, "ಸಾಕು" ಎಂದು ಮಿದುಳಿಗೆ ತಿಳಿಸುತ್ತದೆ. ಆದರೆ ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಅಮೆರಿಕದ ಗಿಲಾ ಎಂಬ ವಿಷಪೂರಿತ ಹಲ್ಲಿಯ ಜೊಲ್ಲಿನಲ್ಲಿ ಇದನ್ನೇ ಹೋಲುವ, ಆದರೆ ಹೆಚ್ಚು ಹೊತ್ತು ಉಳಿಯುವ ವಸ್ತು ಸಿಕ್ಕಿತು. ಅದರಿಂದ ಎಕ್ಸೆನಟೈಡ್ ಎಂಬ ಮಧುಮೇಹದ ಮದ್ದು ತಯಾರಾಗಿ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ವಾರಕ್ಕೊಮ್ಮೆ ಚರ್ಮದಡಿ ಚುಚ್ಚಿಕೊಳ್ಳುವ ಇಂದಿನ ಸೆಮಾಗ್ಲುಟೈಡ್ ಅದೇ ಗುಂಪಿನದು. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಜೊತೆಗೆ ಮಾಡುತ್ತದೆ.

ಫಲಿತಾಂಶವನ್ನು ಅಲ್ಲಗಳೆಯುವಂತಿಲ್ಲ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1,961 ಮಂದಿ ಪಾಲ್ಗೊಂಡಿದ್ದರು. 68 ವಾರಗಳಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9 ಇಳಿದರೆ, ಬರಿಯ ಹುಸಿಮದ್ದು ಪಡೆದವರದು ಶೇ. 2.4 ಮಾತ್ರ ಇಳಿಯಿತು. ಎರಡೂ ಗುಂಪಿನವರಿಗೆ ಊಟ, ವ್ಯಾಯಾಮದ ಸಲಹೆ ಸಮಾನವಾಗಿಯೇ ಇತ್ತು. 2023ರಲ್ಲಿ ಹೊರಬಂದ ಇನ್ನೊಂದು ಪ್ರಯೋಗದಲ್ಲಿ ಹೃದ್ರೋಗವಿದ್ದು ತೂಕ ಹೆಚ್ಚಾಗಿರುವ 17,604 ಮಂದಿ ಇದ್ದರು, ಅವರಿಗೆ ಮಧುಮೇಹ ಇರಲಿಲ್ಲ. ಅವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯದ ಕಾರಣದ ಸಾವು ಒಟ್ಟಾಗಿ ಶೇ. 20ರಷ್ಟು ತಗ್ಗಿದವು. ಆದುದರಿಂದ ಇದನ್ನು ಅಂದ ಹೆಚ್ಚಿಸುವ ಸಾಧನ ಎಂದಷ್ಟೇ ತಿಳಿಯುವುದು ತಪ್ಪು. ಮನೋಬಲವಿದ್ದರೆ ಸಾಕು, ಯಾರೂ ಇಳಿಸಬಹುದು ಎಂಬ ಉಪದೇಶವೂ ಪೂರ್ತಿ ಸತ್ಯವಲ್ಲ. ತೂಕ ಇಳಿದೊಡನೆ ದೇಹ ಹಸಿವನ್ನು ಹೆಚ್ಚಿಸಿ ಹಳೆಯ ತೂಕಕ್ಕೆ ಮರಳಲು ಹೆಣಗುತ್ತದೆ. ರಕ್ತದೊತ್ತಡಕ್ಕೆ ಗುಳಿಗೆ ನುಂಗುವವರನ್ನು ಮನೋಬಲ ಇಲ್ಲದವರು ಎಂದು ನಾವು ಹೀಯಾಳಿಸುತ್ತೇವೆಯೇ?

ಹಾಗೆಂದು ಜನರ ಅನುಮಾನಕ್ಕೆ ಕಾರಣವಿಲ್ಲ ಎನ್ನಲಾಗದು. ತೂಕ ಇಳಿಸುವ ಮದ್ದುಗಳ ಚರಿತ್ರೆ ಒಳ್ಳೆಯದಲ್ಲ. ಫೆನ್‌ಫ್ಲೂರಮಿನ್ ಎಂಬ ಮದ್ದು ಹೃದಯದ ಕವಾಟಗಳಿಗೆ ಹಾನಿ ಮಾಡಿದ್ದರಿಂದ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ನಮ್ಮಲ್ಲೂ ಮಾರಾಟವಾಗುತ್ತಿದ್ದ ಸಿಬುಟ್ರಮಿನ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ಕಂಡುಬಂದು 2011ರಲ್ಲಿ ಭಾರತ ಸರಕಾರ ಅದನ್ನು ನಿಷೇಧಿಸಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುವುದು ಸಹಜವೇ. ಈಗಿನ ಮದ್ದುಗಳ ಕೆಲಸದ ರೀತಿ ಬೇರೆ, ಹೃದಯದ ಮಟ್ಟಿಗೆ ಫಲಿತಾಂಶವೂ ಬೇರೆ. ಆದರೆ ಇವುಗಳಿಗೂ ತಮ್ಮದೇ ಆದ ತೊಂದರೆಗಳಿವೆ.

ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ ಬಹಳ ಮಂದಿಗೆ ಬರುತ್ತವೆ. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಅಪರೂಪವಾದರೂ ಬರಬಹುದು. ಕುಟುಂಬದಲ್ಲಿ ಯಾರಿಗಾದರೂ ಥೈರಾಯಿಡ್‌ನ ಮೆಡ್ಯುಲರಿ ಎಂಬ ಬಗೆಯ ಕ್ಯಾನ್ಸರ್ ಬಂದಿದ್ದರೆ ಈ ಮದ್ದು ಕೂಡದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆಯೊಂದಿಗೆ ಸೇರಿದರೆ ಸಕ್ಕರೆ ಅಂಶ ತೀರಾ ಕೆಳಗಿಳಿಯುವ ಅಪಾಯವಿದೆ. ಉಪವಾಸ ಹಿಡಿಯುವವರಿಗಂತೂ ಇದು ನೆನಪಿರಬೇಕು. ಮಗು ಬಯಸುವ ಮಹಿಳೆಯರು ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಬೇಳೆ, ಮೊಟ್ಟೆ, ಮೀನು, ಹಾಲು ಸಾಲದ ಊಟದವರಿಗೆ, ಮುಪ್ಪಿನವರಿಗೆ ಇದು ಸಣ್ಣ ವಿಷಯವಲ್ಲ. ರಾಯಚೂರಿನ ಬೇಸಗೆಯಲ್ಲಿ ಹೊಲದಲ್ಲಿ ಕಳೆ ಕೀಳುವವರು ವಾಂತಿ ಭೇದಿಯಿಂದ ನೀರಿನಂಶ ಕಳೆದುಕೊಂಡರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಮದ್ದು ನಿಲ್ಲಿಸಿದರೆ ಏನಾಗುತ್ತದೆ? 2021ರ ಪ್ರಯೋಗದವರಲ್ಲಿ ಕೆಲವರನ್ನು ಹಿಂಬಾಲಿಸಿ ನೋಡಿದಾಗ, ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿಸಿದ್ದರ ಮೂರನೇ ಎರಡರಷ್ಟು ತೂಕ ಮರಳಿ ಬಂದಿತ್ತು. ಮಗಳ ಮದುವೆಗೆಂದು, ಫೋಟೋಕ್ಕೆಂದು ನಾಲ್ಕು ತಿಂಗಳು ಚುಚ್ಚಿಸಿಕೊಂಡು ಬಿಡುವ ಮದ್ದು ಇದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಇಲ್ಲಿ ಗಮನಾರ್ಹ. 2025ರ ಸೆಪ್ಟೆಂಬರ್‌ನಲ್ಲಿ ಮಧುಮೇಹದ ಜೊತೆಗೆ ಹೃದ್ರೋಗ ಅಥವಾ ಮೂತ್ರಪಿಂಡದ ರೋಗ ಹಾಗೂ ಬೊಜ್ಜು ಇರುವವರಿಗಾಗಿ ಈ ಗುಂಪಿನ ಮದ್ದುಗಳನ್ನು ಅದು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಡಿಸೆಂಬರ್‌ನಲ್ಲಿ ಬೊಜ್ಜಿನ ಚಿಕಿತ್ಸೆಗೂ ಶರತ್ತುಗಳೊಂದಿಗೆ ಶಿಫಾರಸು ಮಾಡಿತು. ದೀರ್ಘಕಾಲದ ಸುರಕ್ಷತೆಯ ಮಾಹಿತಿ ಇನ್ನೂ ಸಾಲದು, ಬೆಲೆ ದುಬಾರಿ, ಆರೋಗ್ಯ ವ್ಯವಸ್ಥೆ ಸಿದ್ಧವಾಗಿಲ್ಲ ಎಂಬುವು ಆ ಶರತ್ತುಗಳಿಗೆ ಕಾರಣ. ಮದ್ದಿನ ಜೊತೆ ಊಟ, ಚಲನೆಯ ಬದಲಾವಣೆಯೂ ಇರಬೇಕು ಎಂದೂ ಅದು ಹೇಳಿದೆ.

ಬೆಲೆಯ ಮಾತು ತೆಗೆದರೆ ಮಸರಕಲ್‌ಗೂ ಮಹಾನಗರಕ್ಕೂ ಇರುವ ಅಂತರ ತಿಳಿಯುತ್ತದೆ. ವೆಗೋವಿ ಬಂದಾಗ ಆರಂಭದ ಪ್ರಮಾಣಕ್ಕೇ ತಿಂಗಳಿಗೆ 17,345 ರೂಪಾಯಿ ಇತ್ತು. 2025ರ ನವೆಂಬರ್‌ನಲ್ಲಿ ಕಂಪನಿ ಅದನ್ನು 10,850ಕ್ಕೆ ಇಳಿಸಿತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ಮೊದಲ ಬೆಲೆಯಲ್ಲಿ ಒಂದು ತಿಂಗಳ ಮದ್ದಿಗೆ 47 ದಿನಗಳ ಕೂಲಿ, ಇಳಿದ ಬೆಲೆಯಲ್ಲೂ 29 ದಿನಗಳ ಕೂಲಿ! ಪೇಟೆಂಟ್ ಮುಗಿದ ಮೇಲೆ ಪೈಪೋಟಿಯಿಂದ ಬೆಲೆ ಇಳಿಯುವುದು ಬಡವರಿಗೆ ಒಳ್ಳೆಯ ಸುದ್ದಿಯೇ ಸರಿ. ಆದರೆ ಮದ್ದು ಊರಿಗೆ ಬಂದಷ್ಟು ಬೇಗ ವೈದ್ಯರು ಊರಿಗೆ ಬರುವುದಿಲ್ಲ ಎಂಬುದೇ ನಮ್ಮ ಚಿಂತೆ. ರಾಯಚೂರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು 2007ರಿಂದ ಇದೆ. ಆದರೂ ಅಲ್ಲಿಯ ಜನ ಏಮ್ಸ್ ಬೇಕೆಂದು 2022ರ ಮೇ ತಿಂಗಳಿನಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕುಳಿತರು. ದೊಡ್ಡ ಚಿಕಿತ್ಸೆಗೆ ಹೈದರಾಬಾದ್, ಬೆಂಗಳೂರು ಎಂದು ಅಲೆಯುವವರ ನೋವು ಆ ಧರಣಿಯ ಹಿಂದಿದೆ. ತಜ್ಞರ ಚೀಟಿಯ ಮೇಲೆ, ತಿಂಗಳು ತಿಂಗಳು ಪ್ರಮಾಣ ಏರಿಸುತ್ತ, ರಕ್ತ ಪರೀಕ್ಷೆ ಮಾಡಿಸುತ್ತ ಕೊಡಬೇಕಾದ ಮದ್ದು ಇದು. ತಜ್ಞರೇ ಇಲ್ಲದ ಕಡೆ ಇದನ್ನು ಬರೆದು ಕೊಡುವವರು ಯಾರು, ತೊಂದರೆಯಾದರೆ ನೋಡುವವರು ಯಾರು?

ಈ ಕೊರತೆಗೆ ನಾಚಿಕೆಯೂ ಸೇರಿದರೆ ಅಪಾಯ ಇಮ್ಮಡಿಯಾಗುತ್ತದೆ. ಜನರ ಬಾಯಿಗೆ ಹೆದರಿದವರು ವೈದ್ಯರ ಬಳಿಗೆ ಹೋಗುವುದಿಲ್ಲ, ಗುಟ್ಟಾಗಿ ತರಿಸಿಕೊಳ್ಳುತ್ತಾರೆ. ಗುಟ್ಟಿನ ವ್ಯಾಪಾರ ಇರುವಲ್ಲಿ ನಕಲಿಯೂ ಇರುತ್ತದೆ. ಒಝೆಂಪಿಕ್ ಹೆಸರಿನ ನಕಲಿ ಮದ್ದು ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ಸಿಕ್ಕಿಬಿದ್ದಾಗ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಲ್ಲ ದೇಶಗಳಿಗೆ ಎಚ್ಚರಿಕೆ ನೀಡಿತ್ತು. ಗುಟ್ಟು ಮಾಡಿದವರು ಆಪರೇಷನ್ನಿಗೆ ಹೋದಾಗ ಅರಿವಳಿಕೆ ಕೊಡುವ ವೈದ್ಯರಿಗೂ ಹೇಳುವುದಿಲ್ಲ. ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ, ಮಲಗಿಸಿದಾಗ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. 2022ರ ಮೇ 16ರಂದು ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬೆನ್ನಿಗೆ ತೀರಿಕೊಂಡರು. ಆಗ ಅವರ ವಯಸ್ಸು 21. ಹೆತ್ತವರಿಗೆ ಮೊದಲೇ ತಿಳಿದಿರಲಿಲ್ಲ ಎಂದು ಆಗ ವರದಿಯಾಗಿತ್ತು. ಅದು ಶಸ್ತ್ರಚಿಕಿತ್ಸೆ, ಇದು ಮದ್ದು, ಎರಡನ್ನೂ ಒಂದೇ ಎನ್ನಲಾಗದು. ಆದರೆ ಹರೆಯದ ಹುಡುಗಿಯೊಬ್ಬಳಿಗೆ ತನ್ನ ಮೈಯ ಬಗ್ಗೆ ಅಷ್ಟು ಚಿಂತೆ ಹುಟ್ಟಿಸುವ ಸಮಾಜದಲ್ಲಿ ನಾವೂ ಇದ್ದೇವೆ ಎಂಬುದನ್ನು ಮರೆಯಬಾರದು.

ಹಾಗಾದರೆ ನಾವು ಮಾಡಬಹುದಾದದ್ದು ಏನು? ಮೊದಲನೆಯದಾಗಿ, ಯಾರ ಮೈಯ ಬಗ್ಗೆಯೂ ಮಾತು ಬೇಡ. ದಪ್ಪವಾದದ್ದಕ್ಕೂ ಬೇಡ, ಸಪುರವಾದದ್ದಕ್ಕೂ ಬೇಡ. ಹೆಣ್ಣು ನೋಡಲು ಬಂದವರ ಎದುರು, ಕ್ಯಾಟೆಕಿಸಂ ತರಗತಿಯಲ್ಲಿ, ವಾರ್ಡಿನ ಕೂಟದಲ್ಲಿ ಮಕ್ಕಳ ತೂಕವನ್ನು ತಮಾಷೆಯ ವಸ್ತು ಮಾಡುವುದನ್ನು ಹಿರಿಯರೇ ನಿಲ್ಲಿಸಬೇಕು. ಎರಡನೆಯದಾಗಿ, ಧರ್ಮಕೇಂದ್ರಗಳಲ್ಲಿ ನಡೆಯುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಜೊತೆ ಸೊಂಟದ ಅಳತೆಯನ್ನೂ ನೋಡಲಿ, ಅದನ್ನು ನಾಲ್ಕು ಮಂದಿಯ ಎದುರು ಕೂಗಿ ಹೇಳದಿರಲಿ. ಮದ್ದು ತೆಗೆದುಕೊಳ್ಳುವವರಿದ್ದರೆ ವೈದ್ಯರಿಗೂ ಮನೆಯವರಿಗೂ ತಿಳಿಸುವಂತೆ ಧೈರ್ಯ ಹೇಳಲಿ. ಮೂರನೆಯದಾಗಿ, ಉತ್ತರದ ಜಿಲ್ಲೆಗಳಲ್ಲಿ ಶಾಲೆ, ದವಾಖಾನೆ, ಹಾಸ್ಟೆಲುಗಳನ್ನು ನಡೆಸುವ ಗುರುಗಳು, ಧರ್ಮಭಗಿನಿಯರು ಮಕ್ಕಳ ತಟ್ಟೆಗೆ ಜೋಳ, ಬೇಳೆ, ಮೊಟ್ಟೆ ಮರಳಿ ಬರುವಂತೆ ನೋಡಿಕೊಂಡರೆ, ಮೂವತ್ತು ವರ್ಷದ ಬಳಿಕ ಸೂಜಿಯ ಅಗತ್ಯ ಬೀಳುವವರೇ ಕಡಿಮೆಯಾದಾರು. ನಾಲ್ಕನೆಯದಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ಮದ್ದುಗಳ ತರಬೇತಿ ಕೊಡುವಂತೆ, ಚೀಟಿಯಿಲ್ಲದೆ ಮಾರುವುದನ್ನು ತಡೆಯುವಂತೆ ಸರಕಾರವನ್ನು ಒತ್ತಾಯಿಸಬೇಕು.

ಈ ಮದ್ದು ವರವೂ ಅಲ್ಲ, ಶಾಪವೂ ಅಲ್ಲ. ಮಧುಮೇಹ, ಹೃದ್ರೋಗ, ಮಂಡಿನೋವಿನಿಂದ ನರಳುವ ಅನೇಕರಿಗೆ ಇದು ನಿಜವಾದ ನೆರವು. ಎರಡು ಕಿಲೋ ಇಳಿಸಿ ಚೆಂದ ಕಾಣಬಯಸುವವರಿಗೆ ಅನಗತ್ಯ ಅಪಾಯ. ಯಾರಿಗೆ ಯಾವುದು ಎಂದು ತೀರ್ಮಾನಿಸಬೇಕಾದದ್ದು ರೋಗಿ ಮತ್ತು ವೈದ್ಯರು ಎದುರುಬದುರು ಕುಳಿತು ಮಾತನಾಡಿದ ಮೇಲೆ. ಬೀದಿಯ ಬಾಯಿಗೆ ಅಲ್ಲಿ ಕೆಲಸವಿಲ್ಲ. ಕರಾವಳಿಯ ಶಿಕ್ಷಕಿಗೂ ಮಸರಕಲ್‌ನ ರೈತನಿಗೂ ಹಾಗೆ ಕುಳಿತು ಮಾತನಾಡಲು ಒಬ್ಬ ವೈದ್ಯರು ಸಿಗುವಂತಾಗಲಿ, ಅಲ್ಲಿಗೆ ಹೋಗಲು ಯಾರೂ ತಲೆ ತಗ್ಗಿಸದಂತಾಗಲಿ.